ಶಂಖ ಊದಿದವರು ಯಾರು?

ಇವತ್ತಿನ ಮಾತು ಸುಳ್ಳಿನ ಬಗ್ಗೆ. ರಾಜಕಾರಣದ ಸುಳ್ಳಿನ ಬಗ್ಗೆ. ಅದರಲ್ಲೇನು ಹೊಸದು, ದಿನಾ ರಾತ್ರಿ ನೀವು ಕೂಗಾಡೋದು ಅದರ ಬಗ್ಗೆಯೇ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಇವತ್ತು ಆ ಸುಳ್ಳಿನಲ್ಲಿ ನನ್ನ ಪಾಲು ಎಷ್ಟು ಅನ್ನೋದನ್ನೂ ಹೇಳಬೇಕಾಗಿದೆ. ಅದಕ್ಕೆ ಕಾರಣ ತಿಮ್ಮಾಪುರದ ಒಬ್ಬ ಅಜ್ಜ.

ತಿಮ್ಮಾಪುರ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಊರು. ಸುತ್ತ ಕಬ್ಬು. ಅಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಜಾಗಕ್ಕೆ ರನ್ನನಗರ ಅಂತ ಹೆಸರು. ಸಾವಿರ ವರ್ಷದ ಹಿಂದಿನ ಕವಿ ರನ್ನ ಮುಧೋಳದವನು, ಆ ಅಭಿಮಾನಕ್ಕೆ. ಚುನಾವಣೆ ಹೊತ್ತಲ್ಲಿ ಜನರ ನಾಡಿಮಿಡಿತ ನೋಡೋಕೆ ಅಂತ ನಾವು ಆ ಕಡೆ ಹೋಗಿದ್ದೆವು. ಚಹಾದ ಅಂಗಡಿ ಮುಂದೆ ಕ್ಯಾಮೆರಾ ಇಟ್ಟು, ಯಾರು ಗೆಲ್ತಾರೆ, ಯಾಕೆ ಗೆಲ್ತಾರೆ ಅಂತ ಮೈಕ್ ಹಿಡಿದು ಕೇಳ್ತಾ ಇದ್ದೆ. ಹುಡುಗರು ಉತ್ಸಾಹದಿಂದ ಮಾತಾಡಿದರು. ಕಟ್ಟೆ ಮೇಲೆ ಕೂತಿದ್ದ ಒಬ್ಬ ಅಜ್ಜ ಮಾತ್ರ ಮೈಕ್ ಬೇಡ ಅಂದರು. ಕ್ಯಾಮೆರಾ ಆಫ್ ಆದ ಮೇಲೆ ನನ್ನನ್ನ ಕರೆದರು.

“ಸರ, ನಿಮಗೊಂದು ಮಾತು ಕೇಳಬೇಕಾಗಿತ್ರಿ. ನನ್ನ ಮಗಳನ್ನ ಬೀಳಗಿ ಕಡೆ ಕೊಟ್ಟೀನಿ. ಹಿನ್ನೀರಿನ ದಂಡಿ ಮ್ಯಾಲಿನ ಊರು. ಒಂದಿನ ನೀವು ಟಿವಿಯಾಗ ಹೇಳಿದ್ರಿ, ಮೂರು ತಿಂಗಳದಾಗ ಪರಿಹಾರದ ರೊಕ್ಕ ಬರ್ತೈತಿ ಅಂತ. ಕೆಂಪು ಪಟ್ಟಿಯಾಗ ಇಷ್ಟಿಷ್ಟು ದೊಡ್ಡ ಅಕ್ಷರ. ಅದನ್ನ ನೋಡಿ ನಮ್ಮ ಅಳಿಯ ಬಡ್ಡಿಗೆ ರೊಕ್ಕ ತಂದು ಬ್ಯಾರೆ ಕಡೆ ಜಾಗಕ್ಕ ಮುಂಗಡ ಕೊಟ್ಟ. ಮೂರು ತಿಂಗಳ ಅಲ್ಲ, ಮೂರು ವರ್ಷ ಆತು. ಮುಂಗಡ ಹೋತು. ಬಡ್ಡಿ ಇನ್ನೂ ನಡದೈತಿ.”

ನಾನು ತಕ್ಷಣ ಹೇಳಿದ್ದು ಏನು ಗೊತ್ತಾ? “ಅಜ್ಜಾರ, ಅದು ನಾವು ಹೇಳಿದ್ದಲ್ಲ. ಆ ನಾಯಕರು ಹೇಳಿದ್ದು. ನಾವು ತೋರಿಸಿದ್ದು ಅಷ್ಟೇ.”

ಅಜ್ಜ ನಕ್ಕರು. “ಖರೆ ಐತ್ರಿ. ಆದ್ರ ಅಂವ ಹೇಳಿದ್ರ ನಮ್ಮ ಅಳಿಯ ನಂಬತಿರಲಿಲ್ಲ. ನೀವು ಹೇಳಿದ್ರಿ ಅಂತ ನಂಬಿದ.”

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹಳೇ ರೆಕಾರ್ಡಿಂಗ್ ಹುಡುಕಿಸಿದೆ. ಸಿಕ್ಕಿತು. ಆ ನಾಯಕರು ವೇದಿಕೆ ಮೇಲೆ ನಿಂತು ಹೇಳಿದ ಪೂರ್ತಿ ಮಾತು ಹೀಗಿತ್ತು: ನ್ಯಾಯಮಂಡಳಿ ತೀರ್ಪಿನ ಅಧಿಸೂಚನೆ ಹೊರಬಿದ್ದ ಕೂಡಲೇ, ಮೂರು ತಿಂಗಳಲ್ಲಿ ಪರಿಹಾರ ಕೊಡ್ತೇವೆ. ಮೊದಲ ಭಾಗವನ್ನ ಅವರು ಮೆಲ್ಲಗೆ ಹೇಳಿದ್ದರು. ಎರಡನೇ ಭಾಗವನ್ನ ಕೈ ಎತ್ತಿ, ಗಂಟಲು ಏರಿಸಿ ಹೇಳಿದ್ದರು. ಅವರು ಅಷ್ಟು ಮಾಡಿದ್ದರು. ಉಳಿದದ್ದನ್ನ ನಾವು ಮಾಡಿದೆವು. ಮೊದಲ ಭಾಗವನ್ನ ಕತ್ತರಿಸಿ ಎಸೆದು, ಎರಡನೇ ಭಾಗವನ್ನ ಕೆಂಪು ಪಟ್ಟಿಗೆ ಹಾಕಿದೆವು. ಅದನ್ನ ಓದಿದವನು ನಾನೇ.

ಈ ಕಥೆ ನಮಗೆ ಹೊಸದಲ್ಲ. ಕುರುಕ್ಷೇತ್ರದಲ್ಲೇ ನಡೆದಿದೆ. ದ್ರೋಣರನ್ನ ಬಾಣದಿಂದ ಸೋಲಿಸೋಕೆ ಆಗಲಿಲ್ಲ. ಭೀಮ ಅಶ್ವತ್ಥಾಮ ಅನ್ನೋ ಹೆಸರಿನ ಆನೆಯನ್ನ ಕೊಂದ. ಅಶ್ವತ್ಥಾಮ ಸತ್ತ ಅಂತ ಸುದ್ದಿ ಹಬ್ಬಿಸಿದರು. ದ್ರೋಣರು ಬೇರೆ ಯಾರನ್ನೂ ಕೇಳಲಿಲ್ಲ, ಧರ್ಮರಾಯನನ್ನ ಕೇಳಿದರು. ಯಾಕಂದ್ರೆ ಅವನು ಸುಳ್ಳು ಹೇಳಲ್ಲ ಅನ್ನೋ ನಂಬಿಕೆ. ಧರ್ಮರಾಯ ಸತ್ತಿದ್ದು ಹೌದು ಅಂತ ಗಟ್ಟಿಯಾಗಿ, ಆನೆ ಅಂತ ಮೆಲ್ಲಗೆ ಹೇಳಿದ. ನಮ್ಮ ಹಳ್ಳಿಗಳಲ್ಲಿ ಕಥೆ ಹೇಳೋರು ಇದಕ್ಕೆ ಒಂದು ಮಾತು ಸೇರಿಸ್ತಾರೆ: ಆನೆ ಅನ್ನೋ ಮಾತು ಕೇಳದ ಹಾಗೆ ಅದೇ ಹೊತ್ತಿಗೆ ಕೃಷ್ಣ ಶಂಖ ಊದಿದ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡ್ತಿದ್ದ ಧರ್ಮರಾಯನ ರಥ ಅವತ್ತು ನೆಲಕ್ಕೆ ತಾಗಿತು.

ಮುಧೋಳದ ರನ್ನ ತನ್ನ ಗದಾಯುದ್ಧದಲ್ಲಿ ಯುದ್ಧದ ಕೊನೆಯ ದಿನ ದುರ್ಯೋಧನನನ್ನ ಹೆಣಗಳ ನಡುವೆ ನಡೆಸ್ತಾನೆ. ಅಲ್ಲಿ ದ್ರೋಣರ ದೇಹವೂ ಬಿದ್ದಿದೆ. ಗೆದ್ದವರ ಕಡೆಯ ಲೆಕ್ಕ ಹೇಳೋಕೆ ನೂರು ಜನ ಇರ್ತಾರೆ. ರನ್ನ ಸೋತವನ ಜೊತೆ ನಡೆದು, ಅವನ ಕಡೆ ಬಿದ್ದ ಹೆಣಗಳನ್ನ ಒಂದೊಂದಾಗಿ ತೋರಿಸಿದ. ಸುಳ್ಳಿನ ಲೆಕ್ಕವನ್ನೂ ಹಾಗೇ ನೋಡಬೇಕು. ಅದರಿಂದ ಯಾರು ಗೆದ್ದರು ಅನ್ನೋದು ಒಂದು ಲೆಕ್ಕ. ಅದನ್ನ ನಂಬಿ ಯಾರು ಬಿದ್ದರು ಅನ್ನೋದು ಇನ್ನೊಂದು ಲೆಕ್ಕ. ನಾವು ಟಿವಿಯವರು ಮೊದಲನೇದನ್ನ ಮಾತ್ರ ಮಾಡ್ತೀವಿ. ಸುಳ್ಳು ವರ್ಕ್ ಆಯ್ತಾ, ಆಗಲಿಲ್ವಾ? ಮಾಸ್ಟರ್ ಸ್ಟ್ರೋಕಾ, ಅಲ್ವಾ? ಬೀಳಗಿ ಕಡೆಯ ಆ ಅಳಿಯನ ಬಡ್ಡಿ ನಮ್ಮ ಗ್ರಾಫಿಕ್ಸ್‌ನಲ್ಲಿ ಎಲ್ಲೂ ಬರಲ್ಲ.

ಈಗ ಆ ಹಿನ್ನೀರಿನ ವಿಷಯಕ್ಕೆ ಬರೋಣ. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಅವರು ಪ್ರಧಾನಿಯಾಗೋಕೆ ಇನ್ನೂ ಕೆಲವು ವಾರ ಇತ್ತು. ಅಣೆಕಟ್ಟನ್ನ ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ನಡುವೆ 42 ವರ್ಷ. 2000ದಲ್ಲಿ ಸುಪ್ರೀಂ ಕೋರ್ಟ್ 519.60 ಮೀಟರ್‌ವರೆಗೆ ನೀರು ನಿಲ್ಲಿಸಬಹುದು ಅಂತು. 2010ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿಗೆ ಕೊಟ್ಟಿತು. 2013ರಲ್ಲಿ ಅಂತಿಮ ವರದಿಯೂ ಬಂತು. ಎರಡು ಅಂಕಿಗಳ ನಡುವಿನ ಅಂತರ 4.656 ಮೀಟರ್. ಇಷ್ಟು ಎತ್ತರಕ್ಕೆ ಎಷ್ಟೋ ಊರು, ಎಷ್ಟೋ ಜಮೀನು ಮುಳುಗುತ್ತೆ. ಅದರ ಬದಲಿಗೆ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ 130 ಟಿಎಂಸಿ ನೀರು.

ಆದರೆ ತೀರ್ಪು ಬಂದರೆ ಸಾಲದು, ಕೇಂದ್ರ ಸರಕಾರ ಅದನ್ನ ಗೆಜೆಟ್‌ನಲ್ಲಿ ಪ್ರಕಟಿಸಬೇಕು. 2011ರ ಸುಪ್ರೀಂ ಕೋರ್ಟ್ ಆದೇಶದಿಂದ ಅದು ನಿಂತಿತು. ಇದು ಗುಟ್ಟಲ್ಲ. ವಿಧಾನಸೌಧದಲ್ಲಿ ಕೂತ ಎಲ್ಲರಿಗೂ ಗೊತ್ತು. ಆದರೂ ಚುನಾವಣೆ ಭಾಷಣದಲ್ಲಿ ‘524’ ಗಟ್ಟಿಯಾಗಿ ಕೇಳುತ್ತೆ, ‘ಅಧಿಸೂಚನೆ ಆದ ಮೇಲೆ’ ಅನ್ನೋದು ಕೇಳಲ್ಲ. ಆನೆ ಅನ್ನೋ ಮಾತು ಅದೇ.

ಯಾವ ಪಕ್ಷ ಅಂತ ಕೇಳಬೇಡಿ. 2013ರ ಜನವರಿಯಲ್ಲಿ ಕಾಂಗ್ರೆಸ್ ನಾಯಕರು ಹೊಸಪೇಟೆಯಿಂದ ಕೂಡಲಸಂಗಮಕ್ಕೆ ಪಾದಯಾತ್ರೆ ಮಾಡಿ, ನೀರಾವರಿಗೆ ವರ್ಷಕ್ಕೆ 10 ಸಾವಿರ ಕೋಟಿ ಅಂದರು. ಐದು ವರ್ಷ ಆದ ಮೇಲೆ ಜಗಳ ಏನಾಯ್ತು? ಕೊಟ್ಟಿದ್ದೇವೆ ಅಂತ ಇವರು, ಎಲ್ಲಿ ಕೊಟ್ರಿ ಅಂತ ಅವರು. ನೀರಾವರಿ ಅಂದ್ರೆ ಇಡೀ ರಾಜ್ಯದ್ದಾ, ಕೃಷ್ಣೆಯದ್ದಾ? ನಡೆದದ್ದು ಕೃಷ್ಣೆಯ ಕಡೆಗೆ, ಹಾಗಾಗಿ ದಂಡೆಯ ಜನ ತಮ್ಮದೇ ಅಂತ ಕೇಳಿಸಿಕೊಂಡರು. ಇನ್ನು ಬಿಜೆಪಿ. 2019ರಿಂದ 2023ರವರೆಗೆ ದೆಹಲಿಯಲ್ಲೂ ಅವರೇ, ಬೆಂಗಳೂರಲ್ಲೂ ಅವರೇ. ಡಬಲ್ ಇಂಜಿನ್ ಅಂದರು. ಅಧಿಸೂಚನೆ ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಈಗಿನ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಪರಿಹಾರ ಅಂತ ತೀರ್ಮಾನ ಮಾಡಿದೆ. ಇದು ಉಳಿಯುವ ಮಾತೋ ಅಲ್ವೋ ಅಂತ ನಾನು ಇವತ್ತು ತೀರ್ಪು ಕೊಡಲ್ಲ. ಇದರಲ್ಲಿ ಅಂಕಿ ಇದೆ, ದಿನಾಂಕ ಇದೆ, ಸಂಪುಟದ ನಿರ್ಣಯ ಇದೆ. ಲೆಕ್ಕ ಇಡೋಕೆ ಬರುತ್ತೆ. ಲೆಕ್ಕ ಇಡೋಣ.

ಇಲ್ಲಿ ಒಂದು ವಿಷಯದಲ್ಲಿ ನ್ಯಾಯವಾಗಿರಬೇಕು. ಈಡೇರದ ಮಾತೆಲ್ಲ ಸುಳ್ಳಲ್ಲ. ಮಳೆ ಬರಲಿಲ್ಲ, ದುಡ್ಡು ಸಾಲಲಿಲ್ಲ, ಕೋರ್ಟ್ ತಡೆ ಕೊಟ್ಟಿತು, ಮಾತು ಉಳಿಯಲಿಲ್ಲ. ಅದು ಸೋಲು. ಗೊತ್ತಿಲ್ಲದೆ ತಪ್ಪು ಹೇಳಿದರೆ ಅದು ಅಜ್ಞಾನ. ಸುಳ್ಳು ಅಂದ್ರೆ, ಹೇಳುವ ಹೊತ್ತಿಗೇ ಆಗಲ್ಲ ಅಂತ ಗೊತ್ತಿದ್ದೂ, ಕೇಳುವವನು ನಂಬಲಿ ಅಂತ ಹೇಳೋದು. ಆ ಲೆಕ್ಕದಲ್ಲಿ ಅರ್ಧಸತ್ಯ ಪೂರ್ತಿ ಸುಳ್ಳಿಗಿಂತ ಸಣ್ಣದೇನಲ್ಲ. ಅದರಲ್ಲಿ ಹೇಳಿದವನಿಗೆ ತಪ್ಪಿಸಿಕೊಳ್ಳೋಕೆ ಹಿಂಬಾಗಿಲು ಇರುತ್ತೆ, ನಂಬಿದವನಿಗೆ ಇರಲ್ಲ. ಅಷ್ಟೇ ವ್ಯತ್ಯಾಸ.

‘ವಚನಭ್ರಷ್ಟ’ ಅನ್ನೋ ಪದ ನೆನಪಿದೆಯಾ? 2006ರ ಫೆಬ್ರವರಿಯಲ್ಲಿ ಜೆಡಿಎಸ್, ಬಿಜೆಪಿ ಸೇರಿ ಸರಕಾರ ಮಾಡಿದವು. 20 ತಿಂಗಳು ಇವರು, 20 ತಿಂಗಳು ಅವರು ಅಂತ ಒಪ್ಪಂದ. 2007ರ ಅಕ್ಟೋಬರ್‌ನಲ್ಲಿ ಅಧಿಕಾರ ಹಸ್ತಾಂತರ ಆಗಲಿಲ್ಲ. ನವೆಂಬರ್‌ನಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾದರು, ಒಂದು ವಾರದಲ್ಲಿ ರಾಜೀನಾಮೆ ಕೊಟ್ಟರು. 2008ರಲ್ಲಿ ಆ ಮಾತು ತಪ್ಪಿದ್ದೇ ದೊಡ್ಡ ವಿಷಯ ಆಯ್ತು, ಬಿಜೆಪಿ 110 ಸೀಟು ಗೆದ್ದಿತು. ಕುಮಾರಸ್ವಾಮಿಯವರ ಕಡೆಯವರು ತಮ್ಮ ಕಾರಣ ಹೇಳಿದರು. ಅದು ಮೊದಲ ದಿನವೇ ಮನಸ್ಸಲ್ಲಿದ್ದ ಸುಳ್ಳಾ, ಆಮೇಲೆ ಮುರಿದ ಮಾತಾ ಅನ್ನೋದು ಅವರ ಅಂತರಾತ್ಮಕ್ಕೇ ಗೊತ್ತು. 2023ರಲ್ಲಿ ಅದೇ ಎರಡು ಪಕ್ಷಗಳು ಮತ್ತೆ ಕೈ ಹಿಡಿದವು. ಅದೂ ಇರಲಿ.

ನಾನು ಹೇಳ್ತಿರೋದು ಬೇರೆ. ಒಬ್ಬ ರಾಜಕಾರಣಿಗೆ ಇನ್ನೊಬ್ಬ ರಾಜಕಾರಣಿ ಮಾತು ತಪ್ಪಿದರೆ ನಮ್ಮ ಹತ್ತಿರ ಒಂದು ಭಾರೀ ಪದ ಇದೆ, ಅದರ ಮೇಲೆ ಒಂದು ಚುನಾವಣೆಯೇ ನಡೆಯುತ್ತೆ. ಕೃಷ್ಣಾ ದಂಡೆಯ ಸಾವಿರಾರು ಮನೆಗಳಿಗೆ ಮಾತು ತಪ್ಪಿದರೆ? ಅದಕ್ಕೆ ‘ಪ್ರಣಾಳಿಕೆ’ ಅಂತೀವಿ. ಕುರ್ಚಿ ತಪ್ಪಿದವರ ನೋವಿಗೆ ನಮ್ಮ ಚಾನೆಲ್‌ಗಳು ಹಗಲು ರಾತ್ರಿ ಲೈವ್ ಕೊಟ್ಟವು. ಊರು ತಪ್ಪುವವರಿಗೆ ಎರಡು ನಿಮಿಷದ ಪ್ಯಾಕೇಜು.

ಜನ ದಡ್ಡರಲ್ಲ, ಸುಳ್ಳನ್ನ ನಂಬಲ್ಲ ಅಂತ ನೀವು ಹೇಳಬಹುದು. ಸರಿ. ನಾನು ಇಂಜಿನಿಯರಿಂಗ್ ಓದಿದವನು, ಲ್ಯಾಬ್‌ನ ಒಂದು ವಿಷಯ ಹೇಳ್ತೀನಿ. ಕೆಲವು ಮೀಟರ್‌ಗಳಲ್ಲಿ ಝೀರೋ ಎರರ್ ಅಂತ ಇರುತ್ತೆ. ಏನೂ ಜೋಡಿಸದೇ ಇದ್ದರೂ ಮುಳ್ಳು ಎರಡು ತೋರಿಸುತ್ತೆ. ತೊಂದರೆ ಇಲ್ಲ, ಪ್ರತಿ ಸಲ ಎರಡು ಕಳೆದುಬಿಟ್ಟರೆ ಸರಿಯಾದ ಉತ್ತರ. ನಮ್ಮ ಮತದಾರರು ಮಾಡೋದೂ ಅದನ್ನೇ. ನಾಯಕ ಹತ್ತು ಅಂದರೆ ಎಂಟು ಕಳೆದು ಎರಡು ಅಂತ ಇಟ್ಕೊಳ್ತಾರೆ. ಜಾಣತನವೇ. ಆದರೆ ಎಲ್ಲ ಮೀಟರ್‌ಗೂ ಅದೇ ಎಂಟು ಕಳೆದರೆ? ನೇರವಾಗಿ ಎರಡು ಅಂತ ಹೇಳಿದವನ ಗತಿ ಏನು? ಅವನ ಮಾತು ಸೊನ್ನೆಗಿಂತ ಕೆಳಗೆ ಹೋಗುತ್ತೆ. ಇವನೇನು ಕೊಡ್ತಾನೆ ಅಂತ ಜನ ಎದ್ದು ಹೋಗ್ತಾರೆ. ಹಾಗಾಗಿ ಸುಳ್ಳುಗಾರನಿಂದ ಮೊದಲು ಏಟು ಬೀಳೋದು ಎದುರಾಳಿ ಪಕ್ಷಕ್ಕಲ್ಲ, ಎಲ್ಲ ಪಕ್ಷಗಳಲ್ಲೂ ಇರುವ ನಾಲ್ಕಾರು ನೇರ ಮನುಷ್ಯರಿಗೆ. ಹನ್ನಾ ಅರೆಂಟ್ ಅನ್ನೋ ಚಿಂತಕಿ 1967ರಲ್ಲಿ ಸತ್ಯ ಮತ್ತು ರಾಜಕೀಯದ ಬಗ್ಗೆ ಬರೆದ ಪ್ರಬಂಧದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಸುಳ್ಳಿನ ಮಳೆ ಸುರಿದರೆ ಜನ ಸುಳ್ಳನ್ನ ನಿಜ ಅಂದ್ಕೊಳ್ಳೋದಿಲ್ಲ. ಯಾವುದು ನಿಜ ಅಂತ ಗುರುತು ಹಿಡಿಯೋ ಶಕ್ತಿಯನ್ನೇ ಕಳ್ಕೊಳ್ತಾರೆ.

ನಂಬಿಕೆ ಹೋದ ಜನ ಏನು ಮಾಡಬಲ್ಲರು ಅನ್ನೋದಕ್ಕೂ ಈ ಸೀಮೆಯಲ್ಲೇ ಉದಾಹರಣೆ ಇದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಹತ್ತಿರ 1989ರಲ್ಲಿ ಕೃಷ್ಣೆಗೆ ರೈತರೇ ಬ್ಯಾರೇಜ್ ಕಟ್ಟಿದರು. ಸರಕಾರದ ಅಡಿಗಲ್ಲಿಗೆ ಕಾಯಲಿಲ್ಲ. ಕೈಯಿಂದ ರೊಕ್ಕ ಹಾಕಿದರು, ಮೈಯಿಂದ ದುಡಿದರು. ಅದಕ್ಕೆ ಶ್ರಮಬಿಂದು ಸಾಗರ ಅಂತ ಹೆಸರಿಟ್ಟರು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಗೆ ಬಂದು ನಿಂತವರು ರಾಮಕೃಷ್ಣ ಹೆಗಡೆ. ಮೌಲ್ಯಾಧಾರಿತ ರಾಜಕಾರಣ ಅನ್ನೋ ಮಾತನ್ನ ಕರ್ನಾಟಕದ ಬಾಯಿಗೆ ತಂದವರು. 1984ರ ಲೋಕಸಭೆಯಲ್ಲಿ ಪಕ್ಷ ಸೋತಿತು ಅಂತ, ಜನಾದೇಶ ಹೋಯ್ತು ಅಂತ ತಾವೇ ಮತ್ತೆ ಜನರ ಮುಂದೆ ಹೋದವರು. ಅಂಥ ಹೆಗಡೆ ಇಲ್ಲಿ ಸೋತರು, ‘ಬ್ಯಾರೇಜ್’ ಸಿದ್ದು ಗೆದ್ದರು. ಆ ಸೋಲಿಗೆ ಕಾರಣ ಹಲವಿದ್ದವು. ಆದರೆ ಮಾತಿನ ಎದುರು ಕಣ್ಣಿಗೆ ಕಾಣುವ ನೀರು ನಿಂತಾಗ ಈ ದಂಡೆಯ ಜನ ಯಾವುದನ್ನ ತೂಕ ಹಾಕಿದರು ಅನ್ನೋದು ಸ್ಪಷ್ಟ.

ಹಾಗಾದರೆ ಸರಕಾರವನ್ನ ಮರೆತು ನಾವೇ ಮಾಡಿಕೊಳ್ಳೋಣ ಅಂತೀರಾ? ಬ್ಯಾರೇಜ್ ಕಟ್ಟಬಹುದು. 524.256 ಮೀಟರ್ ಶ್ರಮದಾನದಿಂದ ಆಗಲ್ಲ. ಅದಕ್ಕೆ ನೆರೆರಾಜ್ಯಗಳ ಜೊತೆ ಮಾತಾಡಬೇಕು, ದೆಹಲಿಯಲ್ಲಿ ಕೂರಬೇಕು, ಕೋರ್ಟ್‌ನಲ್ಲಿ ವಾದ ಮಾಡಬೇಕು. ಅಂದರೆ ಯಾರೋ ಒಬ್ಬರನ್ನ ನಂಬಿ ಕಳಿಸಲೇಬೇಕು. ನಂಬಿಕೆ ಇಲ್ಲದೆ ಪ್ರಜಾಪ್ರಭುತ್ವ ನಡೆಯಲ್ಲ ಅನ್ನೋದು ನೀತಿಪಾಠ ಅಲ್ಲ, ಪ್ರಾಕ್ಟಿಕಲ್ ಮಾತು.

ಇನ್ನೊಂದು ವಾದ ಇದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ. ಒಳ್ಳೇ ಕೆಲಸಕ್ಕೆ ಸುಳ್ಳು ಹೇಳಿದರೆ ತಪ್ಪೇನು? ಯುದ್ಧ ಇದ್ದಾಗ, ದೊಂಬಿ ಆದಾಗ, ಬ್ಯಾಂಕ್ ಮುಳುಗುತ್ತೆ ಅಂತ ಜನ ಓಡಿದಾಗ ಸರಕಾರ ಎಲ್ಲವನ್ನೂ ಹೇಳೋಕೆ ಆಗುತ್ತಾ? ಆಗಲ್ಲ, ಒಪ್ತೀನಿ. ಆದರೆ ಈಗ ಹೇಳೋಕಾಗಲ್ಲ ಅನ್ನೋದು ಬೇರೆ, ಇಲ್ಲದ್ದನ್ನ ಇದೆ ಅನ್ನೋದು ಬೇರೆ. ಮೊದಲನೇದರಲ್ಲಿ ಗೌರವ ಇದೆ, ಎರಡನೇದರಲ್ಲಿ ಇಲ್ಲ. ಇನ್ನು ಆ ಮದುವೆಯ ಗಾದೆ. ಸಾವಿರ ಸುಳ್ಳಿನ ಮೇಲೆ ಮದುವೆ ಮಾಡಿದ ದಲ್ಲಾಳಿ ಊಟ ಮಾಡಿ ಹೋಗ್ತಾನೆ. ಸಂಸಾರ ಮಾಡೋರು ಯಾರು?

ಕಾನೂನು ಏನು ಹೇಳುತ್ತೆ? ಸ್ವಲ್ಪವೇ ಹೇಳುತ್ತೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಎದುರಾಳಿಯ ವೈಯಕ್ತಿಕ ನಡತೆ ಬಗ್ಗೆ ಗೊತ್ತಿದ್ದೂ ಸುಳ್ಳು ಹಬ್ಬಿಸಿದರೆ ಅದು ಭ್ರಷ್ಟ ಆಚರಣೆ, ಗೆಲುವೇ ರದ್ದಾಗಬಹುದು. ಅಫಿಡವಿಟ್‌ನಲ್ಲಿ ಸುಳ್ಳು ಹೇಳಿದರೆ ಆರು ತಿಂಗಳವರೆಗೆ ಜೈಲು. ಆದರೆ ಪ್ರಣಾಳಿಕೆಯ ಭರವಸೆ ಭ್ರಷ್ಟ ಆಚರಣೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅಂದರೆ ಎದುರಾಳಿ ಬಗ್ಗೆ ಸುಳ್ಳು ಹೇಳಿದರೆ ಕಾನೂನಿದೆ, ಮತದಾರನಿಗೇ ಸುಳ್ಳು ಹೇಳಿದರೆ ಇಲ್ಲ. ಕಾನೂನು ಮಾಡಿ ಅನ್ನೋದು ಸುಲಭ. ಆದರೆ ಯಾವುದು ಸುಳ್ಳು ಅಂತ ತೀರ್ಮಾನಿಸೋ ಅಧಿಕಾರವನ್ನ ಸರಕಾರದ ಕೈಗೆ ಕೊಟ್ಟರೆ, ಮೊದಲು ಬಾಯಿ ಮುಚ್ಚಿಸಿಕೊಳ್ಳೋನು ತಿಮ್ಮಾಪುರದ ಅಜ್ಜನೇ ಆಗಬಹುದು. ನನಗೆ ಆ ಭಯ ಇದೆ.

ಬಸವಣ್ಣನವರ ಏಳು ‘ಬೇಡ’ಗಳು ನಮಗೆಲ್ಲ ಬಾಯಿಪಾಠ. ಮೂರನೇದು ಸುಳ್ಳು ಬೇಡ ಅನ್ನೋದು. ಆರನೇದು ತನ್ನನ್ನ ತಾನು ಹೊಗಳಿಕೊಳ್ಳಬೇಡ. ಏಳನೇದು ಎದುರಿನವರನ್ನ ಹಳಿಯಬೇಡ. ಈ ಮೂರನ್ನ ಪಾಲಿಸಿದರೆ ಚುನಾವಣಾ ಭಾಷಣದಲ್ಲಿ ‘ಬಂಧುಗಳೇ’, ‘ಧನ್ಯವಾದ’ ಎರಡೇ ಉಳಿಯುತ್ತವೆ. ನಾವು ನಗ್ತೀವಿ. ಆದರೆ ಪಾದಯಾತ್ರೆ ಬಂದು ನಿಲ್ಲೋದು ಅದೇ ಕೂಡಲಸಂಗಮದಲ್ಲಿ. ನಮ್ಮ ಕ್ಯಾಮೆರಾ ನಿಲ್ಲೋದೂ ಅಲ್ಲೇ.

ಹಾಗಾಗಿ ರಾಜಕಾರಣಿಗಳಿಗೆ ಬುದ್ಧಿ ಹೇಳೋದನ್ನ ಇವತ್ತಿಗೆ ಬಿಡ್ತೀನಿ. ಅವರ ಸುಳ್ಳಿಗೆ ಅವರು ಹೊಣೆ. ಶಂಖದ ಹೊಣೆ ನಮ್ಮದು. ಇನ್ನು ಮುಂದೆ ಈ ಕಾರ್ಯಕ್ರಮದಲ್ಲಿ ಯಾವುದೇ ಭರವಸೆಯ ಸುದ್ದಿ ಬಂದರೆ ಮೂರು ಪ್ರಶ್ನೆ ಕೇಳ್ತೀನಿ. ಇದನ್ನ ಮಾಡುವ ಅಧಿಕಾರ ನಿಮ್ಮ ಕೈಯಲ್ಲಿದೆಯಾ, ಬೇರೆಯವರ ಕೈಯಲ್ಲಿದೆಯಾ? ದುಡ್ಡು ಯಾವ ಲೆಕ್ಕದಿಂದ? ಇದಕ್ಕೆ ಮೊದಲು ಏನೇನು ಆಗಬೇಕು? ಉತ್ತರ ಬರದಿದ್ದರೆ ಕೆಂಪು ಪಟ್ಟಿ ಇಲ್ಲ. ನಾನು ಮರೆತರೆ ನೀವು ನೆನಪಿಸಿ. ಟಿಆರ್‌ಪಿ ಬಿದ್ದರೆ ಏನ್ಮಾಡ್ತೀಯ ಅಂತ ನಮ್ಮ ಸಂಪಾದಕರು ಕೇಳಿದರು. ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಸುಳ್ಳು ಹೇಳಬಾರದಲ್ಲ, ಅದಕ್ಕೆ ಹೇಳಿದೆ.

ನಿನ್ನೆ ತಿಮ್ಮಾಪುರದ ಅಜ್ಜನಿಗೆ ಫೋನ್ ಮಾಡಿದ್ದೆ. ನಮ್ಮದು ತಪ್ಪಾಗಿದೆ ಅಂದೆ. ನಿಮ್ಮ ಅಳಿಯಂದಿರಿಗೂ ಹೇಳಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ನನಗ ಹೇಳಿದ್ರ ಏನಾತು ತಮ್ಮಾ. ಅವತ್ತು ಎಲ್ಲಿ ಹೇಳಿದ್ದಿ, ಅಲ್ಲೇ ಹೇಳು. ಅಷ್ಟ ದೊಡ್ಡ ಅಕ್ಷರದಾಗ.”

ಹೇಳ್ತಾ ಇದೀನಿ ಅಜ್ಜಾರ. ಮೂರು ತಿಂಗಳಲ್ಲಿ ಪರಿಹಾರ ಅಂತ ನಾವು ತೋರಿಸಿದ ಸುದ್ದಿ ತಪ್ಪು. ಆ ನಾಯಕರು ಹೇಳಿದ ಷರತ್ತನ್ನ ನಾವು ಕತ್ತರಿಸಿ ತೋರಿಸಿದೆವು. ಅದನ್ನ ನಂಬಿ ಸಾಲ ಮಾಡಿದ ಎಲ್ಲರಲ್ಲೂ ಕ್ಷಮೆ ಕೇಳ್ತೀನಿ. ಕ್ಷಮೆಯಿಂದ ಬಡ್ಡಿ ತೀರಲ್ಲ ಅಂತ ಗೊತ್ತು.

ಪರದೆಯ ಕೆಳಗೆ ನೋಡಿ. ಅದೇ ಕೆಂಪು ಪಟ್ಟಿ, ಅದೇ ಅಳತೆಯ ಅಕ್ಷರ.